ಅತಿಥಿಬಂಧನ ಮೀಮಾಂಸೆ: ಗೊಬ್ಬೂರ ಪಾಠ

ಅಣುವಿನೊಳಗೆ ಅಣುವನ್ನು ಕೂಡಿಸಿಕೊಳ್ಳುವ ವಿದ್ಯೆಗಾಗಿ 1987ರಲ್ಲಿ ಪೆಡರ್ಸನ್, ಕ್ರ್ಯಾಮ್, ಲೆನ್ ಮೂವರೂ ನೊಬೆಲ್ ಹಂಚಿಕೊಂಡರು. ಬೀಗರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಏಳಗೊಡದ ವಿದ್ಯೆ ಗೊಬ್ಬೂರಿಗೆ ಅದಕ್ಕೂ ಮುಂಚೆಯೇ ಸಿದ್ಧಿಸಿತ್ತು. ಸಮಿತಿಯವರು ಬಂದು ವಿಚಾರಿಸಲಿಲ್ಲ. ಬಂದಿದ್ದರೆ ವಾಪಸು ಹೋಗುತ್ತಿರಲಿಲ್ಲ, ಅದು ಬೇರೆ ಮಾತು.

ಪೂರ್ವಪಕ್ಷ: ಅತಿಥಿ ನಿಲ್ಲಬೇಕಾದರೆ ಕಟ್ಟಿಹಾಕಬೇಕು. ಸಿದ್ಧಾಂತ: ಬೇಡ. ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಅಣುವಿನಲ್ಲಿ ಆರೋ ಏಳೋ ಎಂಟೋ ಗ್ಲೂಕೋಸ್ ಘಟಕಗಳು ಸುತ್ತುಗಟ್ಟಿ ಕೂತಿರುತ್ತವೆ. ಹೊರಮೈಗೆ ನೀರೆಂದರೆ ಪ್ರೀತಿ, ಒಳಗಿನ ಪೊಳ್ಳಿಗೆ ಅಷ್ಟಕ್ಕಷ್ಟೆ. ಎಣ್ಣೆ ಜಾತಿಯ ಅಣು ನೀರಿನಲ್ಲಿ ಇರಲಾರದೆ ತಾನಾಗಿ ಒಳಗೆ ಬಂದು ಕೂಡುತ್ತದೆ. ರಾಸಾಯನಿಕ ಬಂಧ ಒಂದೂ ಇಲ್ಲ. ಮೇ ತಿಂಗಳ ಬಿಸಿಲಿಗೆ ಗೊಬ್ಬೂರ ಓಣಿಯಲ್ಲಿ ನಿಂತ ಬೀಗರನ್ನು ಪಡಸಾಲೆಗೆ ಎಳೆದು ತರಬೇಕೇ?

ಬಂದವರು ಹೋಗದಿರುವುದಕ್ಕೆ ಕಾರಣ ಬೇರೆ. ಕ್ರ್ಯಾಮ್ ಕಟ್ಟಿದ ಹೆಮಿಕಾರ್ಸೆರಾಂಡ್ ಎಂಬ ಪಾತ್ರೆಯಂಥ ಅಣುವಿನ ಬಾಗಿಲು ಇಕ್ಕಟ್ಟು. ಕಾಯಿಸಿದರೆ ಮಾತ್ರ ಅತಿಥಿ ನುಸುಳಿ ಹೊರಬೀಳುತ್ತದೆ. ಗೊಬ್ಬೂರಿನಲ್ಲಿ ಬಾಗಿಲು ಅಗಲವೇ, ಇಕ್ಕಟ್ಟೆಲ್ಲ ಮಾತಿನದು. ‘ಹಿಂಗ ಹ್ಯಾಂಗ ಹೋಗ್ತೀರಿ ಬೀಗರ? ರೊಟ್ಟಿ ಬಡೀಲತ್ತಾರ, ಉಂಡು ಹೋಗ್ರಿ.’ ಉಂಡ ಮೇಲೆ, ‘ಚಾಕ್ಕ ಇಟ್ಟಾರ.’ ಚಪ್ಪಲಿ ಮೆಟ್ಟಿಕೊಂಡ ಮೇಲೆ, ‘ಶೇಂಗಾ ಹೋಳಿಗಿ ಕಟ್ಟಿಕೊಡ್ತೀವಿ, ಜರಾ ತಡೀರಿ.’ ಈ ಬಂಧನದ ಸ್ಥಿರಾಂಕ ಅಳೆಯುವ ಉಪಕರಣ ಇನ್ನೂ ಬಂದಿಲ್ಲ.

1991ರಲ್ಲಿ ಇದೇ ಕ್ರ್ಯಾಮ್, ಸೈಕ್ಲೋಬ್ಯೂಟಡೈಯೀನ್ ಎಂಬ ಸಿಡುಕು ಅಣುವನ್ನು ಇಂಥ ಪಾತ್ರೆಯ ಒಳಗಿಟ್ಟು ಕೋಣೆಯ ತಾಪದಲ್ಲೇ ತಣ್ಣಗಾಗಿಸಿದರು. ಅದರ ರೋಗ ಇಷ್ಟೆ: ತನ್ನಂಥದೇ ಇನ್ನೊಂದು ಎದುರಾದರೆ ಮೈಮೇಲೆ ಬೀಳುವುದು. ಔಷಧ, ಪಾತ್ರೆಗೊಂದೇ ಅಣು. ಲಗ್ನದ ಮನೆಯಲ್ಲಿ ಇಬ್ಬರು ಸಡ್ಡಕರನ್ನು ಬೇರೆ ಬೇರೆ ಖೋಲಿಯಲ್ಲಿ ಇಳಿಸುವ ಹಿರಿಯರು ಈ ಬಗ್ಗೆ ಪ್ರಬಂಧ ಪ್ರಕಟಿಸಲಿಲ್ಲ, ನಿಜ.

ಆಕ್ಷೇಪ: ರಸಾಯನಶಾಸ್ತ್ರಜ್ಞ ರೆಬೆಕ್ ಲೆಕ್ಕದಲ್ಲಿ ಒಳಜಾಗದ ಸುಮಾರು 55 ಪ್ರತಿಶತ ತುಂಬಿದರೆ ಅತಿಥಿ ಚೆನ್ನಾಗಿ ನಿಲ್ಲುತ್ತದೆ, ಲಗ್ನದ ಹಿಂದಿನ ರಾತ್ರಿ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಸಮಾಧಾನ: ರೆಬೆಕ್ ಅಳೆದದ್ದು ದ್ರಾವಣದಲ್ಲಿ, ಲಗ್ನದಲ್ಲಲ್ಲ.

ಇನ್ನು ಬಿಡುಗಡೆ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಬಿಳಿ ರಂಜಕವನ್ನು 2009ರಲ್ಲಿ ಕೇಂಬ್ರಿಜ್‌ನ ನಿಟ್ಷ್ಕೆ ತಂಡ ಪಂಜರದಂಥ ಅಣುವಿನೊಳಗಿಟ್ಟಿತು. ಆಮ್ಲಜನಕ ಸೇರಿದರೆ ರಂಜಕ ಹಿಗ್ಗಬೇಕು, ಹಿಗ್ಗಲು ಅಲ್ಲಿ ಜಾಗವಿಲ್ಲ; ಹಾಗಾಗಿ ಉರಿಯಲಿಲ್ಲ. ಅದನ್ನು ಹೊರಗೆ ಕಳಿಸಿದ್ದು ಬೆಂಜೀನ್, ಪಂಜರಕ್ಕೆ ಇನ್ನೂ ಒಪ್ಪುವ ಅತಿಥಿ. ಬೀಗರ ವಿಷಯದಲ್ಲಿ ಬೆಂಜೀನ್ ಎಂದರೆ ಹೊಸ ಅಳಿಯ. ಅಂಗಳದಲ್ಲಿ ಅವನ ಬೈಕು ನಿಂತದ್ದೇ ತಡ, ಬೀಗರ ಚೀಲ ತಾನಾಗಿ ಬಾಗಿಲಿಗೆ ಬರುತ್ತದೆ: ‘ಕಲಬುರ್ಗಿ ಬಸ್ಸು ಇನ್ನ ಸಿಗ್ತದ ನೋಡ್ರಿ.’