ಹದಿಮೂರು ತಿಂಗಳ ವರ್ಷ

ಮೊಬೈಲ್ ಕಂಪನಿಗಳ ಮುಂದೆ ಪಂಚಾಂಗ ಬರೆಯುವವರ ಜಾಣತನ ಏನೂ ಅಲ್ಲ. ಸೂರ್ಯ ಚಂದ್ರರ ಲೆಕ್ಕ ಕೂಡಿಸಿ ಕಳೆದು, ಸುಮಾರು ಮೂರು ವರ್ಷಕ್ಕೊಂದು ಅಧಿಕ ಮಾಸ ಹೊರಡಿಸುವಷ್ಟರಲ್ಲಿ ಅವರಿಗೆ ಸಾಕುಬೇಕಾಗುತ್ತದೆ. ಕಂಪನಿಯವರು ತಿಂಗಳೆಂದರೆ 28 ದಿನ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿ ವರ್ಷ ವರ್ಷವೂ ಅಧಿಕ ಮಾಸ ತಂದುಬಿಟ್ಟರು. 28 ಹದಿಮೂರಲಿ 364. ಉಳಿದ ಒಂದು ದಿನ ನೀವು ಮೌನವ್ರತ ಮಾಡಬಹುದು. ಅಧಿಕ ಮಾಸಕ್ಕೆ ಅಳಿಯನನ್ನು ಕರೆದು ಬಾಗಿನ ಕೊಡುವುದು ನಮ್ಮ ಕಡೆಯ ಪದ್ಧತಿ. ಕಂಪನಿಯ ಈ ಅಳಿಯ ಕರೆಯದೆಯೂ ಬರುತ್ತಾನೆ. ಬರುವ ಮೂರು ದಿನ ಮೊದಲೇ ಮೆಸೇಜೂ ಕಳಿಸುತ್ತಾನೆ.

ಭೀಮಸೇನ ಜೋಶಿ ನಮ್ಮೂರಿನವರು ಎಂದು ರೋಣದ ಜನ ಎದೆಯುಬ್ಬಿಸಿ ಹೇಳುತ್ತಾರೆ. ಇಂದು ಅದೇ ಊರಿನಲ್ಲಿ ಅತಿ ಹೆಚ್ಚು ಕೇಳಿಬರುವ ಕಂಠ ಮಾತ್ರ ‘ನಿಮ್ಮ ಪ್ಲಾನ್ ಅವಧಿ ಮುಗಿಯಲಿದೆ’ ಎನ್ನುವ ಹೆಣ್ಣುಮಗಳದು. ಅವಳ ಮಾತು ಕೇಳಿ ಬಟನ್ ಫೋನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಒಬ್ಬ ಅಮ್ಮ, ರೀಚಾರ್ಜ್ ಅಂಗಡಿಯ ಹುಡುಗನೆದುರು ನಿಂತಿರುತ್ತಾಳೆ.

‘ತಮ್ಮಾ, ಬರೇ ಮಾತಾಡೂದೈತಿ. ಸೋವಿದು ಯಾವುದರ ಹಾಕು.’

‘299 ಹಾಕಸ್ರಿ. ದಿನಾ ಒಂದೂವರಿ ಜಿಬಿ ಬರತೈತಿ.’

‘ಅದು ಬಂದು ಎಲ್ಲಿ ಕೂಡತೈತೋ?’

‘ನಿಮ್ಮ ಫೋನಿನ್ಯಾಗ ಕೂಡಂಗಿಲ್ರಿ. ರಾತ್ರಿ ಹನ್ನೆರಡಕ್ಕ ತಾನ ಹೊಕ್ಕೈತಿ.’

ಹೀಗೆ 28 ದಿನಕ್ಕೆ 42 ಜಿಬಿ ಬರುತ್ತದೆ, ಹೋಗುತ್ತದೆ. ಅಮ್ಮನಿಗೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ವರ್ಷಕ್ಕೆ 13 ಬಾರಿ 299 ಎಂದರೆ 3,887 ರೂಪಾಯಿ ಹೋದದ್ದು ಮಾತ್ರ ತಿಳಿಯುತ್ತದೆ. ಭಾರತದಲ್ಲಿ ಡೇಟಾ ಜಗತ್ತಿನಲ್ಲೇ ಅಗ್ಗವೆಂದು ದಿಲ್ಲಿಯಲ್ಲಿ ಭಾಷಣ ನಡೆದಾಗಲೆಲ್ಲ ನನಗೆ ಈ ಅಮ್ಮನ ನೆನಪಾಗುತ್ತದೆ. ಭಾಷಣ ಪೂರ್ತಿ ಸುಳ್ಳಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅಪ್ಪ ಮಗ್ಗದಿಂದ ಏಳುವುದರೊಳಗೆ ಮಗ ತನ್ನ ಒಂದೂವರೆ ಜಿಬಿ ರೀಲ್ಸ್‌ಗೆ ಅರ್ಪಿಸಿ ಅಪ್ಪನ ಹಾಟ್‌ಸ್ಪಾಟ್ ಕೇಳುತ್ತಾನೆ. ಅವನಿಗೆ ಅದು ಅಗ್ಗವೇ. ಡೇಟಾ ಮುಟ್ಟದವರಿಗೆ ಅದರ ಅಗ್ಗ ಕಟ್ಟಿಕೊಂಡು ಆಗಬೇಕಾದದ್ದೇನು?

‘ಬೇರೆ ಕಂಪನಿಗೆ ಹೋಗಿ’ ಎಂಬ ಸಲಹೆ ಇದ್ದೇ ಇದೆ. ಹೋಗೋಣ. 2024ರ ಜುಲೈ 3ರಂದು ಒಂದು ಕಂಪನಿ 239ರ ಪ್ಲಾನನ್ನು 299 ಮಾಡಿತು. ಅದೇ ದಿನ ಎರಡನೆಯದೂ ಏರಿಸಿತು. ಮೂರನೆಯದು ಮರುದಿನ, ಪಾಪ, ಅದು ಮೊದಲಿನಿಂದಲೂ ಸ್ವಲ್ಪ ಹಿಂದೆ. ಇದಕ್ಕೆ ಸ್ಪರ್ಧೆ ಎಂದು ಹೆಸರು. ನಾಲ್ಕನೆಯದು ಸರ್ಕಾರದ್ದು, ಅಗ್ಗವೂ ಹೌದು. ಹೊರಗೆ ಹೋಗಿ ಮಾತಾಡುವ ಅಭ್ಯಾಸವಿದ್ದವರಿಗೆ ಅಡ್ಡಿಯಿಲ್ಲ.

ಹೊರದೇಶದಲ್ಲಿ ಇಂಥ ಕಷ್ಟಕ್ಕೆ ಒಂದು ಉಪಾಯವಿದೆ: ವರ್ಚುವಲ್ ಆಪರೇಟರ್. ಇವರಿಗೆ ಟವರ್ ಇಲ್ಲ, ತರಂಗಾಂತರ ಇಲ್ಲ. ದೊಡ್ಡ ಕಂಪನಿಯಿಂದ ನಿಮಿಷ, ಜಿಬಿಗಳನ್ನು ಸಗಟಿನಲ್ಲಿ ಕೊಂಡು ತಮ್ಮ ಹೆಸರಿನಲ್ಲಿ ಚಿಲ್ಲರೆ ಮಾರುತ್ತಾರೆ. ಬ್ರಿಟನ್ನಿನ ಗಿಫ್‌ಗ್ಯಾಫ್, ಅಮೆರಿಕದ ಮಿಂಟ್ ಹೀಗೆ ಬೆಳೆದವು. 2025ರ ಜೂನ್‌ನಲ್ಲಿ ಟ್ರಂಪ್ ಮನೆತನವೂ ಈ ಅಂಗಡಿ ತೆರೆಯಿತು. ದರ ತಿಂಗಳಿಗೆ 47.45 ಡಾಲರ್, ಯಜಮಾನರು 45ನೆಯ ಮತ್ತು 47ನೆಯ ಅಧ್ಯಕ್ಷರು ಎಂಬುದೇ ಆ ಬೆಲೆಯ ಗುಟ್ಟು. ನಮ್ಮ ಪುರಸಭೆ ಅಧ್ಯಕ್ಷರೂ ಇದೇ ಲೆಕ್ಕ ಹಿಡಿದರೆ ಇಪ್ಪತ್ತು ಮೂವತ್ತು ರೂಪಾಯಿಗೆ ಪ್ಲಾನ್ ಸಿಕ್ಕೀತು.

ನಮ್ಮಲ್ಲೂ 2016ರಲ್ಲೇ ದೂರಸಂಪರ್ಕ ಇಲಾಖೆ ಇಂಥ ಆಪರೇಟರ್‌ಗಳಿಗೆ ಲೈಸೆನ್ಸಿನ ಬಾಗಿಲು ತೆರೆದಿದೆ. ಆದರೆ ದೊಡ್ಡ ಕಂಪನಿ ಇವರಿಗೆ ಸಗಟು ಮಾರಲೇಬೇಕೆಂಬ ಕಡ್ಡಾಯವಿಲ್ಲ. ಪರಸ್ಪರ ಒಪ್ಪಿದರೆ ಉಂಟು. ಒಪ್ಪುವವರು ಯಾರು? ತಮಿಳುನಾಡಿನಲ್ಲಿ ಏರೋವಾಯ್ಸ್ ಎಂಬುದೊಂದು ಬಿಎಸ್‌ಎನ್‌ಎಲ್ ಬೆನ್ನೇರಿ ಬಂದಿತ್ತು, ಸದ್ದಾಗಲಿಲ್ಲ. ನರಗುಂದದ ಅಂಗಡಿಯಲ್ಲಿ ವರ್ಚುವಲ್ ಆಪರೇಟರ್ ಸಿಮ್ ಕೇಳಿ ನೋಡಿ, ಹೊಸ ಮಾದರಿಯ ಹೆಡ್‌ಫೋನ್ ತೋರಿಸುತ್ತಾರೆ.

ಅದೇ ನರಗುಂದ 1980ರಲ್ಲಿ ಏನು ಮಾಡಿತ್ತು? ಮಲಪ್ರಭೆಯ ನೀರು ಹೊಲ ಮುಟ್ಟದಿದ್ದರೂ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ ಕಟ್ಟಿರಿ ಎಂದಾಗ ರೈತರು ಕಟ್ಟುವುದಿಲ್ಲ ಎಂದರು. ಜುಲೈ 21ರಂದು ಗುಂಡು ಹಾರಿತು, ಜೀವ ಹೋದವು, ಗುಂಡೂರಾವ್ ಸರ್ಕಾರ ನಡುಗಿತು. ಇಂದಿಗೂ ಆ ದಿನ ಹುತಾತ್ಮರ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಮಾಲೆ ಹಾಕಿದ ನಾವೇ ಕಿಸೆಯಿಂದ ಫೋನು ತೆಗೆದು, ಬಳಸದ 42 ಜಿಬಿಯ ಕಂದಾಯವನ್ನು ಮುಂಗಡವಾಗಿ ಕಟ್ಟುತ್ತೇವೆ. ಸರ್ಕಾರ ಕೇಳಿದ್ದರೆ ರಸ್ತೆ ಬಂದ್ ಆಗುತ್ತಿತ್ತು. ಕಂಪನಿ ಕೇಳಿದೆ, ಅದೂ ‘ಆಫರ್’ ಎಂದು ಕೇಳಿದೆ.

ದಿಲ್ಲಿಯ ದೂರಸಂಪರ್ಕ ನಿಯಂತ್ರಕ ಟ್ರಾಯ್ ಪೂರ್ತಿ ನಿದ್ದೆಯಲ್ಲಿಲ್ಲ. 2022ರಲ್ಲಿ, 30 ದಿನದ ಪ್ಲಾನ್ ಒಂದಾದರೂ ಇಡಿ ಎಂದಿತು. ಇಟ್ಟರು, ಹುಡುಕಿದವರಿಗೆ ಸಿಗುವಂತೆ. 2024ರ ಡಿಸೆಂಬರ್‌ನಲ್ಲಿ, ಬರೀ ಮಾತು ಮತ್ತು ಎಸ್ಎಂಎಸ್ ಇರುವ ಪ್ಲಾನ್ ಕೊಡಿ ಎಂದಿತು. ಏರ್‌ಟೆಲ್ 6 ಜಿಬಿ ಇದ್ದ 509ರ ಪ್ಲಾನಿನಿಂದ ಡೇಟಾ ಕಿತ್ತು 499 ಮಾಡಿತು. 6 ಜಿಬಿಯ ಬೆಲೆ ಹತ್ತು ರೂಪಾಯಿ ಎಂದು ದೇಶಕ್ಕೆ ತಿಳಿದದ್ದು ಅವತ್ತು. ಟ್ರಾಯ್ ಕಣ್ಣು ಕೆಕ್ಕರಿಸಿದ ಮೇಲೆ ಅದು 469ಕ್ಕೆ ಇಳಿಯಿತು, ಜಿಯೋದ್ದು 458ರಿಂದ 448ಕ್ಕೆ. ಎರಡೂ 84 ದಿನದವು. 469 ಎಂದರೆ 28 ದಿನಕ್ಕೆ ಸುಮಾರು 156 ರೂಪಾಯಿ, ಅಂದರೆ 299ರ ಹೆಚ್ಚುಕಡಿಮೆ ಅರ್ಧ. ಅಂಗಡಿಯ ಗೋಡೆಗೆ ಅಂಟಿಸಿದ ಬಣ್ಣದ ಚೀಟಿಗಳಲ್ಲಿ ಇವೆರಡನ್ನು ಕಂಡವರು ಇದ್ದರೆ ನನಗೂ ತೋರಿಸಿ.

ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಜಿಲ್ಲೆಯಿದು. ಸಾಲವನ್ನೇ ಸಗಟಿನಲ್ಲಿ ತಂದು ಚಿಲ್ಲರೆ ಹಂಚಿದವರು ನಿಮಿಷಗಳನ್ನು ಹಂಚಲಾರರೇ? ಹಂಚಬಹುದು. ಆದರೆ ನಿರ್ದೇಶಕರ ಚುನಾವಣೆ ಮುಗಿಯುವ ಹೊತ್ತಿಗೆ 7ಜಿ ಬಂದಿರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಈ ಸಲ ಅವ್ವನ ಬಟನ್ ಫೋನಿಗೆ ರೀಚಾರ್ಜ್ ಮಾಡಿಸಲು ಹೋದಾಗ ‘ಡೇಟಾ ಬ್ಯಾಡ, ಬರೇ ಮಾತಿಂದು ಹಾಕು’ ಅನ್ನಿ. ಹುಡುಗ ‘ಅಂಥಾದ್ದಿಲ್ರಿ’ ಎಂದರೆ ನಂಬಬೇಡಿ, ಅವನ ಫೋನಿನಲ್ಲೇ ಹುಡುಕಿಸಿ. ಪಟ್ಟಿಯ ತೀರ ಕೆಳಗಿರುತ್ತದೆ.