ಒಂದೇ ಮೊಳೆಯ ಚೆಲುವೆಯರು

ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ ಸುಂದರಿಯರ ಚಿತ್ರಗಳಿಗೆ ಜಪಾನಿನಲ್ಲಿ ‘ಬಿಜಿನ್-ಗಾ’ ಎಂಬ ಹೆಸರಿದ್ದು, 1806ರಲ್ಲಿ ತೀರಿಕೊಂಡ ಕಲಾವಿದ ಉತಮಾರೊನ ಹಾಳೆಗಳಿಗಾಗಿ ಶ್ರೀಮಂತರು ಇಂದಿಗೂ ಹರಾಜಿನಲ್ಲಿ ಕೈ ಎತ್ತುತ್ತಾರೆ. ನಮ್ಮ ಹಲವಾಗಲು ಊರಿನ ಸಂಗ್ರಾಹಕನಿಗೆ ಆ ತಾಪತ್ರಯವಿಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದ ಓಲಿಯೋಗ್ರಾಫುಗಳ, ಅಂದರೆ ತೈಲಚಿತ್ರದ ಮಿರುಗನ್ನು ಅನುಕರಿಸುವ ಕಲ್ಲಚ್ಚಿನ ಚಿತ್ರಗಳ, ಮೊಮ್ಮಗಳಾದ ಕ್ಯಾಲೆಂಡರ್ ಲಕ್ಷ್ಮಿ ಕಿರಾಣಿ ಅಂಗಡಿಯಿಂದ ಪುಕ್ಕಟೆಯಾಗಿಯೇ ಮನೆಗೆ ಬರುತ್ತಾಳೆ. ಪೇಚಿರುವುದು ಅವಳನ್ನು ಬೀಳ್ಕೊಡುವಲ್ಲಿ: ದೇವತೆಯಾದ್ದರಿಂದ ರದ್ದಿಗೆ ಹಾಕುವಂತಿಲ್ಲ, ವರ್ಷ ಮುಗಿದದ್ದರಿಂದ ತಿಥಿ ನೋಡುವಂತಿಲ್ಲ, ಹೀಗಾಗಿ ಒಂದೇ ಮೊಳೆಗೆ ಹತ್ತು ವರ್ಷದ ಲಕ್ಷ್ಮಿಯರು ಒಬ್ಬರ ಬೆನ್ನಿಗೊಬ್ಬರು ತೂಗಿ, ಯಜಮಾನನ ಅನುಮತಿಯಿಲ್ಲದೆಯೇ ಸಂಗ್ರಹವೊಂದು ಸಿದ್ಧವಾಗಿರುತ್ತದೆ. ಪಾಲಕಿ ಮನೆಯ ಅಜ್ಜಿ. ಮುಂದಿನವಳ ಅಂಚಿನಲ್ಲಿ ಹಾಲಿನ ಲೆಕ್ಕ, ಹಿಂದಿನವಳ ಸೆರಗಿನ ಮೇಲೆ ಗ್ಯಾಸ್ ಬಂದ ತಾರೀಖು. ಮೊಳೆ ಮಾತ್ರ ಸಡಿಲಾಗಿದೆ.