ಕ್ಯುಪರ್ಟಿನೋದ ಶಿರಸ್ತೇದಾರರು

ಬೆಳಿಗ್ಗೆ ಏಳೂವರೆಗೆ ಕ್ಯುಪರ್ಟಿನೋದ ಯಾವ ಬೀದಿಗೆ ಹೋದರೂ ನಡೆಯುವವರು ಎರಡೇ ಬಗೆ: ನಾಯಿ ಹಿಡಿದವರು, ಕೈ ಹಿಂದೆ ಕಟ್ಟಿಕೊಂಡವರು. ಎರಡನೆಯವರು ನಮ್ಮವರು. ತಲೆಗೆ ಊರಿಂದ ತಂದ ಮಂಕಿ ಕ್ಯಾಪು, ಮೈಮೇಲೆ ಮಗನ ಕಂಪನಿಯ ಹೆಸರಿರುವ ಜಾಕೆಟ್ಟು, ಕಾಲಿಗೆ ಸೊಸೆ ಕೊಡಿಸಿದ ಬಿಳೀ ಶೂ. ಆರು ತಿಂಗಳ ಮುದ್ರೆ ಒತ್ತಿಸಿಕೊಂಡು ಬಂದ ಅಪ್ಪಂದಿರು. ಕಳೆದ ಬೇಸಿಗೆಯಲ್ಲಿ ನಾನೂ ಇದೇ ಯೂನಿಫಾರಮ್ಮಿನಲ್ಲಿದ್ದೆ, ಹಾಗಾಗಿ ನಗುವ ಹಕ್ಕು ನನಗಿದೆ.

ನನಗೆ ಅಲ್ಲಿ ಸಿಕ್ಕವರಲ್ಲಿ ಶಿರಸ್ತೇದಾರರದು ಅಪ್ಪಟ ತಳಿ. ಅರಸೀಕೆರೆ ಕಡೆಯವರು, ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರ್ವೀಸು. ನಿವೃತ್ತರಾದ ವಿಷಯ ಖಜಾನೆಗೆ ಗೊತ್ತು, ಅವರಿಗಿನ್ನೂ ಗೊತ್ತಾಗಿಲ್ಲ. ಬಂದ ಮೊದಲ ರಾತ್ರಿ ನಿದ್ದೆ ಬಾರದೆ ಮೂರು ಗಂಟೆಗೆ ಎದ್ದವರೇ ಮಗನ ಮನೆಯ ಗೋಡೆಗಳನ್ನೆಲ್ಲ ಬೆರಳ ಗಿಣ್ಣಿನಿಂದ ತಟ್ಟಿ ನೋಡಿದರಂತೆ.

"ಏನೋ ಇದು, ಡಬ್ಬದ ಥರಾ ಶಬ್ದ ಬರುತ್ತೆ?"

"ಮರದ ಗೋಡೆ ಅಪ್ಪ. ಭೂಕಂಪ ಆಗೋ ಜಾಗ."

"ಎಷ್ಟು ಕೊಟ್ಟೆ?"

"ಇಪ್ಪತ್ತೆಂಟು ಲಕ್ಷ ಡಾಲರ್."

"ಈ ಡಬ್ಬಕ್ಕಾ?"

"ಡಬ್ಬಕ್ಕಲ್ಲ, ಜಾಗಕ್ಕೆ. ಆರು ಸಾವಿರ ಚದರಡಿ."

"ಐದೂವರೆ ಗುಂಟೆ," ಅಂದು ಶಿರಸ್ತೇದಾರರು ಹೋಗಿ ಮಲಗಿದರು. ರೂಪಾಯಿಗೆ ಗುಣಿಸಲಿಲ್ಲ. ಕೆಲವು ಲೆಕ್ಕಗಳನ್ನು ಬಿ.ಪಿ. ಇರುವವರು ಮಾಡಬಾರದೆಂದು ಅವರ ಹೆಂಡತಿ ವಿಮಾನದಲ್ಲೇ ಆಣೆ ಹಾಕಿಸಿಕೊಂಡಿದ್ದರು.

ನಿಜವಾದ ಗ್ರಹಚಾರ ಶುರುವಾದದ್ದು ಪಕ್ಕದ ಮನೆಯ ಅಜ್ಜಿ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟ ದಿನ. ಗಂಡ ಕೆಲಸದಲ್ಲಿದ್ದಾಗ 1971ರಲ್ಲಿ ಕೊಂಡ ಮನೆ, ಆಗ ಸುತ್ತಮುತ್ತ ಏಪ್ರಿಕಾಟ್ ತೋಟಗಳಿದ್ದವು ಅಂತ ಅಜ್ಜಿ ಕತೆ ಹೇಳಿದರು. ತೋಟದ ಮಾತು ಬಂದಮೇಲೆ ಕಂದಾಯದ ಮಾತು ಬರದೆ ಇರುತ್ತದೆಯೆ? ಶಿರಸ್ತೇದಾರರು ಕೇಳಿಯೇಬಿಟ್ಟರು. ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಅಂದರು ಅಜ್ಜಿ. ಮಗ ಕಟ್ಟುವುದು ಮೂವತ್ಮೂರು ಸಾವಿರ. ಶಿರಸ್ತೇದಾರರ ಕೈಯಿಂದ ನಿಂಬೆಹಣ್ಣು ಉರುಳಿತು.

ಆ ಸಂಜೆ ಮಗನನ್ನು ಎದುರಿಗೆ ಕೂರಿಸಿಕೊಂಡರು. "ಒಂದೇ ಬೀದಿ, ಒಂದೇ ಅಳತೆ, ಆ ಗೋಡೆ ತಟ್ಟಿದರೂ ಅದೇ ಡಬ್ಬದ ಶಬ್ದ. ನಿನ್ನ ಖಾತೆಯಲ್ಲೇ ಏನೋ ತಪ್ಪಾಗಿದೆ. ನಾಳೆ ತಕರಾರು ಅರ್ಜಿ ಹಾಕೋಣ, ಒಕ್ಕಣೆ ನಾನು ಹೇಳ್ತೀನಿ."

ಮಗ ಪ್ರೊಪೊಸಿಷನ್ 13 ವಿವರಿಸಿದ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ಮಾಡಿಕೊಂಡ ಕಾನೂನು. ಮನೆ ಕೊಂಡಾಗಿನ ಬೆಲೆಯ ಮೇಲೆ ನೂರಕ್ಕೆ ಒಂದರಂತೆ ತೆರಿಗೆ, ಅದರ ಮೇಲೊಂದಿಷ್ಟು ಸ್ಥಳೀಯ ಬಾಬ್ತು. ಮಾರಾಟವಾಗುವ ತನಕ ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಹಳಬರು ಕದಲುವುದಿಲ್ಲ, ಹೊಸಬರು ಕಟ್ಟಿ ಸಾಯುತ್ತಾರೆ.

ಶಿರಸ್ತೇದಾರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ಜನಾನೇ ವೋಟು ಹಾಕಿ ತಮ್ಮ ಕಂದಾಯ ತಾವೇ ಕಟ್ಟಿಹಾಕಿಕೊಂಡರೇನೋ? ಈ ಸುದ್ದಿ ನಮ್ಮ ತಾಲ್ಲೂಕಿಗೆ ಮುಟ್ಟಬಾರದು," ಅಂದರು.

ಮಾರನೇ ಶನಿವಾರ ಮಗ ಆ್ಯಪಲ್ ಪಾರ್ಕ್ ತೋರಿಸಲು ಕರೆದೊಯ್ದ. ಉಂಗುರದಂಥ ಆ ಮಹಾಕಟ್ಟಡ ಇವರಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಅದರ ಕಡತ. 2011ರ ಜೂನ್‌ನಲ್ಲಿ, ತೀರಿಕೊಳ್ಳುವ ನಾಲ್ಕು ತಿಂಗಳ ಮುಂಚೆ, ಸ್ಟೀವ್ ಜಾಬ್ಸ್ ಖುದ್ದಾಗಿ ನಕ್ಷೆ ಹಿಡಿದು ಕ್ಯುಪರ್ಟಿನೋ ಕೌನ್ಸಿಲ್ ಮುಂದೆ ನಿಂತಿದ್ದರು. ಊರಿಗೇನು ಲಾಭ, ಬಿಟ್ಟಿ ವೈಫೈ ಏನಾದರೂ ಸಿಗುತ್ತದೆಯೆ ಎಂದು ಒಬ್ಬ ಸದಸ್ಯೆ ಕೇಳಿದರು. ನಾವು ತೆರಿಗೆ ಕಟ್ಟುತ್ತೇವೆ, ಅಂಥದ್ದನ್ನೆಲ್ಲ ಮಾಡಬೇಕಾದವರು ನೀವು ಎಂಬರ್ಥದ ಉತ್ತರ ಬಂತು. ಇದನ್ನು ಕೇಳಿ ಶಿರಸ್ತೇದಾರರಿಗಾದ ಸಂತೋಷವನ್ನು ನಾನು ಮೂರು ದಿನ ಪಾರ್ಕಿನ ಬೆಂಚಿನ ಮೇಲೆ ಅನುಭವಿಸಿದ್ದೇನೆ. "ಎಂಥಾ ಆಸಾಮಿ ಆದರೇನು ಸ್ವಾಮಿ, ಪ್ಲಾನ್ ಸ್ಯಾಂಕ್ಷನ್ನಿಗೆ ಬಂದು ನಿಲ್ಲಲೇಬೇಕು! ಮೆಂಬರು ಕೇಳೋದನ್ನ ಕೇಳೇ ಕೇಳ್ತಾರೆ!" ಅವತ್ತಿನಿಂದ ಅವರಿಗೆ ಅಮೆರಿಕ ಪರದೇಶ ಅನ್ನಿಸಲಿಲ್ಲ. ಉಂಗುರ ಬಿಟ್ಟು ಆ ಸಭಾಂಗಣ ತೋರಿಸು ಎಂದು ಹಟ ಹಿಡಿದರು. ಗ್ರಂಥಾಲಯದ ಪಕ್ಕದಲ್ಲೇ ಇರುವ ಆ ಹಾಲಿಗೆ, ಹನ್ನೆರಡು ವರ್ಷದಿಂದ ಊರಲ್ಲಿರುವ ಮಗ ಅವತ್ತೇ ಮೊದಲ ಸಲ ಕಾಲಿಟ್ಟದ್ದು.

ಗ್ರಂಥಾಲಯದ ರುಚಿಯೂ ಹತ್ತಿತು. ಊರಿನ ಹೆಸರಿನ ಮೂಲವನ್ನು ಅಲ್ಲೇ ಹುಡುಕಿ ತೆಗೆದರು: 1776ರಲ್ಲಿ ಸ್ಪೇನಿನ ದಂಡಿನ ಜೊತೆ ಬಂದ ಪಾದ್ರಿಯೊಬ್ಬರು ಇಲ್ಲಿನ ಹಳ್ಳಕ್ಕೆ ಇಟಲಿಯ ಸಂತ ಜೋಸೆಫ್ ಆಫ್ ಕುಪರ್ಟಿನೋನ ಹೆಸರಿಟ್ಟರು. ಓದಿನಲ್ಲಿ ದಡ್ಡನಾಗಿದ್ದ ಆ ಸಂತ ಈಗ ಪರೀಕ್ಷೆ ಬರೆಯುವವರನ್ನು ಕಾಯುವ ದೇವರು. ಇಲ್ಲಿ ಜನ ಆಸ್ತಿ ಅಡವಿಟ್ಟು ಮನೆ ಕೊಳ್ಳುವುದೇ ಒಳ್ಳೇ ಸ್ಕೂಲಿಗೋಸ್ಕರ. ಆ ಬೆಲೆ ಕೊಟ್ಟು ಬರುವ ಮಕ್ಕಳೊಂದಿಗರೇ ಕಡಿಮೆಯಾಗಿ 2022ರಲ್ಲಿ ಎರಡು ಪ್ರಾಥಮಿಕ ಶಾಲೆ ಮುಚ್ಚಿದವು. ಶನಿವಾರ ಒಂದು, ಭಾನುವಾರ ಒಂದು ಗಣಿತದ ಟ್ಯೂಷನ್ನಿಗೆ ಹೊರಟ ಮೊಮ್ಮಗನನ್ನು ತಡೆದು ತಾತ ಕೇಳಿದರು: "ಮಗೂ, ನಿಮ್ಮ ಗ್ರಾಮದೇವತೆಯೇ ದಡ್ಡ ಕಣೋ. ನಿನಗ್ಯಾಕೆ ಇಷ್ಟು ಅವಸರ?" ಸೊಸೆಗೆ ಈ ಸಂಶೋಧನೆ ಹಿಡಿಸಲಿಲ್ಲ.

ಬೆಂಚಿನ ಮೇಲೆ ನಮ್ಮ ಮೂರನೆಯ ಸದಸ್ಯರು ಚೀನಾದ ಒಬ್ಬ ಯಜಮಾನರು. ಅವರಿಗೆ ಇಂಗ್ಲಿಷಿಲ್ಲ, ನಮಗೆ ಚೀನೀ ಇಲ್ಲ. ಶಿರಸ್ತೇದಾರರು ಕಡ್ಡಿಯಿಂದ ಮಣ್ಣಿನ ಮೇಲೆ 28 ಬರೆದು ತಮ್ಮ ಎದೆ ತೋರಿಸಿಕೊಂಡರು. ಅವರು ಕಡ್ಡಿ ಇಸಿದುಕೊಂಡು 31 ಬರೆದರು. ಇಬ್ಬರೂ ಒಟ್ಟಿಗೆ ತಲೆ ಚಚ್ಚಿಕೊಂಡರು. ಆಮೇಲೆ ಮೊಮ್ಮಕ್ಕಳ ಲೆಕ್ಕ, ಶುಗರ್ ಲೆಕ್ಕ, ಊರಿಗೆ ಹೊರಡಲು ಉಳಿದ ದಿನಗಳ ಲೆಕ್ಕ ಎಲ್ಲವೂ ಅಂಕಿಗಳಲ್ಲೇ ನಡೆದವು.

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಗಿದ್ದಾದ ಮೇಲೆ, ಶಿರಸ್ತೇದಾರರು ಮಗನ ಮುಂದೆ ಎರಡು ಹಾಳೆ ಇಟ್ಟರು. ಮೇಲೆ 'ಪ್ರಭಾರ ಹಸ್ತಾಂತರ ಪಟ್ಟಿ' ಅಂತ ಅಡಿಗೆರೆ. ಕಸದ ಡಬ್ಬ ಮೂರು. ಹಸಿರು ಡಬ್ಬಕ್ಕೆ ತರಕಾರಿ ಸಿಪ್ಪೆ ಮಾತ್ರ, ಪ್ಲಾಸ್ಟಿಕ್ ಕವರ್ ಸಮೇತ ಹಾಕತಕ್ಕದ್ದಲ್ಲ. ಮೂರನೇ ಮನೆಯ ಬೇಲಿ ನಾಲ್ಕು ಅಂಗುಲ ಒತ್ತುವರಿ, ಸರ್ವೆ ಬಾಕಿ. ಪಕ್ಕದ ಅಜ್ಜಿಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಒಂದು ಬಾಟಲಿ ಸಂದಾಯ, ಖಾಲಿ ಬಾಟಲಿ ವಾಪಸು ಬರಬೇಕಿದೆ. ಚೀನೀ ಯಜಮಾನರಿಗೆ ಸುದ್ದಿ ಮುಟ್ಟಿಸುವುದು. ಮಾತು ಬೇಡ, ಬೆಂಚಿನ ಬಳಿ ಸೊನ್ನೆ ಬರೆದರೆ ಸಾಕು.

ಮಗ ನಗುತ್ತ ಫೋನ್ ತೆಗೆದು ಪಟ್ಟಿಯ ಫೋಟೋ ಹೊಡೆಯಲು ಹೋದ.

"ಮೊದಲು ಸಹಿ," ಅಂದರು ಶಿರಸ್ತೇದಾರರು. "ತಾರೀಖು ಸಮೇತ."